ಮುಂದೇನು ಓದುವುದು, ಏನು ನೋಡುವುದು? ಮನೆಯಲ್ಲಿ ಕುಳಿತು ಪುಸ್ತಕ ಮತ್ತು ಟಿವಿ ಸರಣಿಗಳನ್ನು ಆಯ್ದುಕೊಳ್ಳುವ ಬಗೆ

‘ಒಂದು ಒಳ್ಳೆಯ ಪುಸ್ತಕ ಹೇಳಿ’, ‘ನೋಡುವುದಕ್ಕೆ ಹೊಸದಾಗಿ ಏನಿದೆ?’ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಹತ್ತು ಹೆಸರುಗಳ ಪಟ್ಟಿ ಕೊಟ್ಟು ಕೈತೊಳೆದುಕೊಳ್ಳಬಹುದು. ಆದರೆ ನನಗೆ ಹಿಡಿಸಿದ್ದು ನಿಮಗೂ ಹಿಡಿಸಬೇಕೆಂದೇನಿಲ್ಲ. ಹಿಡಿಸಿದರೂ ಪಟ್ಟಿ ಮುಗಿದ ಮರುದಿನ ಅದೇ ಪ್ರಶ್ನೆ ಎದುರಿಗೆ ನಿಂತಿರುತ್ತದೆ. ಆದ್ದರಿಂದ ಇಲ್ಲಿ ಯಾವ ಶಿಫಾರಸೂ ಇಲ್ಲ, ಆಯ್ಕೆ ಮಾಡುವ ಕ್ರಮವಷ್ಟೇ ಇದೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ವೈವಿಧ್ಯ ಬೇಕೆಂದು ಹೊರಟವರಲ್ಲಿ ಹೆಚ್ಚಿನವರು ಎಡವುವುದು ಎಲ್ಲವನ್ನೂ ಒಟ್ಟಿಗೆ ಬದಲಿಸಲು ಹೋಗಿ. ಪತ್ತೇದಾರಿ ಕಾದಂಬರಿಗಳನ್ನಷ್ಟೇ ಓದುತ್ತಿದ್ದವರು ಇದ್ದಕ್ಕಿದ್ದಂತೆ ಹತ್ತೊಂಬತ್ತನೆಯ ಶತಮಾನದ, ಬೇರೆ ಭಾಷೆಯಿಂದ ಬಂದ, ಎಂಟುನೂರು ಪುಟಗಳ ಕಾದಂಬರಿಯನ್ನು ಎತ್ತಿಕೊಳ್ಳುತ್ತಾರೆ. ಕಾಲ ಹೊಸದು, ದೇಶ ಹೊಸದು, ಗತಿ ಹೊಸದು, ಗಾತ್ರವೂ ಹೊಸದು. ಅರವತ್ತನೆಯ ಪುಟದ ಹೊತ್ತಿಗೆ ಪುಸ್ತಕ ಕಪಾಟು ಸೇರುತ್ತದೆ, ‘ಗಂಭೀರ ಸಾಹಿತ್ಯ ನನಗಲ್ಲ’ ಎಂಬ ತೀರ್ಮಾನವೂ ಆಗಿಬಿಡುತ್ತದೆ. ಒಂದು ಬಾರಿಗೆ ಒಂದನ್ನು ಮಾತ್ರ ಬದಲಿಸಿ. ಕೆಳಗಿನ ಹಂತಗಳೆಲ್ಲ ಈ ಮಾತಿನ ವಿವರಣೆ.

ಬೇಕಾಗುವ ಸಾಮಗ್ರಿ

ಒಂದು ನೋಟ್‌ಬುಕ್, ಗ್ರಂಥಾಲಯದ ಸದಸ್ಯತ್ವ ಅಥವಾ ಓದುವ ಆ್ಯಪ್, ಒಂದು ಸ್ಟ್ರೀಮಿಂಗ್ ಸೇವೆ, ಅಂದರೆ ಬೇಕೆಂದಾಗ ಅಂತರ್ಜಾಲದ ಮೂಲಕ ಸರಣಿ ನೋಡುವ ಸೌಲಭ್ಯ. ಒಂದೇ ಸೇವೆ ಸಾಕು, ನಾಲ್ಕಿದ್ದರೆ ಹುಡುಕುವುದರಲ್ಲೇ ಸಂಜೆ ಕಳೆಯುತ್ತದೆ. ಹಳೆಯ ಕೃತಿಗಳು ಉಚಿತವಾಗಿಯೂ ಸಿಗುತ್ತವೆ. 1971ರಲ್ಲಿ ಮೈಕೆಲ್ ಹಾರ್ಟ್ ಆರಂಭಿಸಿದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳನ್ನು ಒದಗಿಸುತ್ತದೆ. 2005ರಿಂದ ನಡೆಯುತ್ತಿರುವ ಲಿಬ್ರಿವಾಕ್ಸ್‌ನಲ್ಲಿ ಅಂತಹ ಪುಸ್ತಕಗಳನ್ನು ಸ್ವಯಂಸೇವಕರು ಓದಿ ಧ್ವನಿಮುದ್ರಿಸುತ್ತಾರೆ. ಹಕ್ಕುಸ್ವಾಮ್ಯದ ಅವಧಿ ದೇಶದಿಂದ ದೇಶಕ್ಕೆ ಬೇರೆ ಎಂಬುದು ನೆನಪಿರಲಿ. ಒಂದು ದೇಶದಲ್ಲಿ ಮುಕ್ತವಾಗಿರುವ ಪುಸ್ತಕ ಇನ್ನೊಂದರಲ್ಲಿ ಹಾಗಿರದೇ ಇರಬಹುದು.

ಹಂತ 1: ಹಿಂದಿನದನ್ನು ಬರೆದಿಡಿ

ಇತ್ತೀಚೆಗೆ ಓದಿದ ಐದು ಪುಸ್ತಕ, ನೋಡಿದ ಐದು ಸರಣಿಗಳ ಹೆಸರು ಬರೆಯಿರಿ. ಅರ್ಧಕ್ಕೆ ಬಿಟ್ಟವೂ ಸೇರಲಿ, ಅವುಗಳಿಂದಲೇ ಹೆಚ್ಚು ತಿಳಿಯುವುದು. ಪ್ರತಿಯೊಂದರ ಮುಂದೆ ಐದು ಕಲಂಗಳಲ್ಲಿ ಐದು ವಿಷಯ ಗುರುತಿಸಿ: ಕಥೆ ನಡೆಯುವ ಕಾಲ, ನೆಲ, ಬಗೆ (ಪತ್ತೇದಾರಿ, ಕೌಟುಂಬಿಕ, ಹಾಸ್ಯ ಇತ್ಯಾದಿ), ಗತಿ ಮತ್ತು ಗಾತ್ರ. ಬಿಟ್ಟಿದ್ದರೆ ಎಲ್ಲಿ, ಏಕೆ ಬಿಟ್ಟಿರಿ ಎಂದು ಅರ್ಧ ಸಾಲು.

‘ಚೆನ್ನಾಗಿತ್ತು’, ‘ಬೋರಾಯಿತು’ ಎಂದು ಬರೆದರೆ ಏನೂ ಬರೆದಂತಲ್ಲ. ‘ಘಟನೆ ಕಡಿಮೆ, ಆದರೆ ಅಕ್ಕತಂಗಿಯರ ಮಾತು ಚುರುಕು’ ಎಂದು ಬರೆದರೆ ಮುಂದಿನ ಆಯ್ಕೆಗೆ ಒಂದು ಹಿಡಿ ಸಿಕ್ಕಿತು. ನಿಮಗೆ ನಿಧಾನಗತಿಯ ಕಥೆ ಆಗಿಬರುತ್ತದೆ, ಸಂಭಾಷಣೆ ಗಟ್ಟಿಯಾಗಿರಬೇಕು ಅಷ್ಟೇ. ಹತ್ತು ಸಾಲು ಬರೆದ ಮೇಲೆ ಯಾವ ಕಲಂ ಉದ್ದಕ್ಕೂ ಒಂದೇ ಉತ್ತರವಿದೆ ನೋಡಿ. ಹತ್ತರಲ್ಲಿ ಒಂಬತ್ತು ಇಂದಿನ ಮಹಾನಗರಗಳಲ್ಲೇ ನಡೆಯುತ್ತಿದ್ದರೆ, ಮೊದಲು ಬದಲಿಸಬೇಕಾದದ್ದು ಯಾವುದೆಂದು ಬೇರೆ ಹೇಳಬೇಕಿಲ್ಲ.

ಹಂತ 2: ಗಾತ್ರವನ್ನು ಗಂಟೆಯ ಲೆಕ್ಕಕ್ಕೆ ತನ್ನಿ

ಪುಸ್ತಕವನ್ನು ಪುಟಗಳಲ್ಲಿ, ಸರಣಿಯನ್ನು ಕಂತುಗಳಲ್ಲಿ ಎಣಿಸುವುದರಿಂದ ಮೋಸ ಹೋಗುತ್ತೇವೆ. ಕಾಲು ಗಂಟೆ ಸಹಜವಾಗಿ ಓದಿ, ಎಷ್ಟು ಪುಟವಾಯಿತೋ ಅದನ್ನು ನಾಲ್ಕರಿಂದ ಗುಣಿಸಿ. ಗಂಟೆಗೆ 30 ಪುಟವಾದರೆ 300 ಪುಟದ ಕಾದಂಬರಿಗೆ ಹತ್ತು ಗಂಟೆ, ಅಂದರೆ ಒಂದೊಂದು ಗಂಟೆಯ ಹತ್ತು ಕಂತುಗಳಷ್ಟು. ದೊಡ್ಡ ಪುಸ್ತಕವೆಂದರೆ ಹೆದರುವವರು ಅದರ ಆರು ಪಟ್ಟು ಹೊತ್ತು ಬೇಡುವ ಸರಣಿಯನ್ನು ಸದ್ದಿಲ್ಲದೆ ಮುಗಿಸಿರುತ್ತಾರೆ.

ಸರಣಿಗಳ ಉದ್ದ ಆಯಾ ದೇಶದ ಪ್ರಸಾರ ಪದ್ಧತಿಯ ಮೇಲೆ ನಿಂತಿದೆ. ಜಪಾನಿನ ಟಿವಿ ವಾಹಿನಿಗಳಲ್ಲಿ ಹೊಸ ಕಥೆಗಳು ಮೂರು ತಿಂಗಳಿಗೊಮ್ಮೆ ಬದಲಾಗುತ್ತವೆ, ವಾರಕ್ಕೊಂದು ಕಂತು. ಹಾಗಾಗಿ ಹತ್ತು ಹನ್ನೊಂದು ಕಂತುಗಳಲ್ಲಿ, ಒಂದೊಂದು ಮುಕ್ಕಾಲು ಗಂಟೆಯಂತೆ, ಕಥೆ ಮುಗಿಯುತ್ತದೆ. ಕೊರಿಯಾದ ಸರಣಿಗಳು ಬಹುಕಾಲ 16 ಕಂತುಗಳ ಲೆಕ್ಕದಲ್ಲೇ ಬಂದಿವೆ, ಒಂದೊಂದು ಕಂತು ಒಂದು ಗಂಟೆ ಅಥವಾ ತುಸು ಹೆಚ್ಚು. ಈಚೆಗೆ ಇನ್ನೂ ಚಿಕ್ಕವೂ ಬರುತ್ತಿವೆ. ಬ್ರಿಟನ್ನಿನಲ್ಲಿ ಆರು ಕಂತು ಸಾಮಾನ್ಯ, ಮೂರಕ್ಕೇ ಮುಗಿಯುವವೂ ಇವೆ. ಅಮೆರಿಕದ ಸಾಂಪ್ರದಾಯಿಕ ವಾಹಿನಿಗಳಲ್ಲಿ ಒಂದು ಸೀಸನ್ (ಒಂದು ಸುತ್ತಿನಲ್ಲಿ ಬರುವ ಕಂತುಗಳು) ಎಂದರೆ ಇಪ್ಪತ್ತೆರಡರ ಆಸುಪಾಸು. ಲ್ಯಾಟಿನ್ ಅಮೆರಿಕದ ಟೆಲಿನೊವೆಲಾಗಳು ವಾರದ ಹೆಚ್ಚಿನ ದಿನಗಳಲ್ಲಿ ಪ್ರಸಾರವಾಗಿ ನೂರು, ನೂರೈವತ್ತು ಕಂತು ಓಡುತ್ತವೆ. ಆದರೆ ಅವಕ್ಕೆ ಒಂದು ಕೊನೆ ಉಂಟು, ವರ್ಷಗಟ್ಟಲೆ ಎಳೆಯುವ ಧಾರಾವಾಹಿಗಳಿಗೂ ಅವಕ್ಕೂ ಇರುವ ವ್ಯತ್ಯಾಸ ಅದು.

ಎಚ್ಚರ: ಟರ್ಕಿಯ ಸರಣಿಗಳ ಮೂಲ ಕಂತು ಎರಡು ಗಂಟೆ ದಾಟುತ್ತದೆ. ಹೊರದೇಶಗಳಿಗೆ ಮಾರುವಾಗ ಅದನ್ನೇ ಮುಕ್ಕಾಲು ಗಂಟೆಯ ತುಂಡುಗಳಾಗಿ ಕತ್ತರಿಸುವುದುಂಟು. ಒಂದೇ ಕಥೆ ಒಂದು ಕಡೆ ನಲವತ್ತು ಕಂತು, ಇನ್ನೊಂದು ಕಡೆ ನೂರಿಪ್ಪತ್ತು ಕಂತು ಎಂದು ಕಾಣಿಸಿದರೆ ಗಾಬರಿಯಾಗಬೇಡಿ. ಒಂದು ಕಂತು ಎಷ್ಟು ನಿಮಿಷ ಎಂದು ನೋಡಿ ಗುಣಿಸಿ.

ಹಂತ 3: ಒಂದೇ ಕಲಂ ಬದಲಿಸಿ

ಈ ಲೇಖನದಲ್ಲಿ ನಿಜವಾಗಿ ಸಮಯ ಕೊಡಬೇಕಾದ ಹಂತ ಇದು. ನೋಟ್‌ಬುಕ್ಕಿನ ಐದು ಕಲಂಗಳಲ್ಲಿ ನಾಲ್ಕನ್ನು ಹಾಗೆಯೇ ಇರಿಸಿ, ಒಂದನ್ನು ಮಾತ್ರ ಬದಲಿಸಿ ಹುಡುಕಿ.

ಪತ್ತೇದಾರಿ ಕಥೆಯನ್ನೇ ತೆಗೆದುಕೊಳ್ಳೋಣ. ಹೊರಗಿನವರಿಗೆ ಅದೆಲ್ಲ ಒಂದೇ, ಒಳಹೊಕ್ಕರೆ ಹಲವು ಮನೆತನಗಳಿವೆ. ಒಂದು, ಒಗಟಿನ ಕಥೆ: ಮುಚ್ಚಿದ ಮನೆ, ಬೆರಳೆಣಿಕೆಯ ಜನ, ಅವರಲ್ಲೊಬ್ಬ ಕೊಲೆಗಾರ. ಇದು ಲೇಖಕ ಮತ್ತು ಓದುಗರ ನಡುವಿನ ಆಟ. 1929ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ಇಂಗ್ಲಿಷ್ ಲೇಖಕರು ಈ ಆಟಕ್ಕೆ ಹತ್ತು ನಿಯಮಗಳನ್ನೇ ಬರೆದಿಟ್ಟರು. ಅಪರಾಧಿ ಕಥೆಯ ಆರಂಭದ ಭಾಗದಲ್ಲೇ ಕಾಣಿಸಿಕೊಂಡಿರಬೇಕು, ಪತ್ತೇದಾರನಿಗೆ ಸಿಕ್ಕ ಸುಳಿವನ್ನು ಓದುಗರಿಂದ ಮುಚ್ಚಿಡಬಾರದು ಎಂಬವು ಅವುಗಳಲ್ಲಿ ಸೇರಿವೆ. ಇನ್ನೊಂದು, ಪೊಲೀಸ್ ಠಾಣೆಯ ಕಥೆ: ಒಬ್ಬ ಜಾಣನ ಬದಲು ಒಂದು ತಂಡ, ಕಡತ, ಕಾಯುವಿಕೆ, ಬೇಸರ. ಸ್ವೀಡನ್ನಿನ ಮೈ ಶೋವಾಲ್ ಮತ್ತು ಪೆರ್ ವಾಲೂ 1965ರಿಂದ 1975ರವರೆಗೆ ಜೊತೆಯಾಗಿ ಬರೆದ ಹತ್ತು ಕಾದಂಬರಿಗಳಲ್ಲಿ ಕೊಲೆಯ ತನಿಖೆಯ ನೆಪದಲ್ಲಿ ಇಡೀ ಸಮಾಜದ ತಪಾಸಣೆ ನಡೆಯುತ್ತದೆ. ಮೂರನೆಯದರಲ್ಲಿ ಕೊಲೆಗಾರ ಯಾರೆಂದು ಮೊದಲೇ ಗೊತ್ತು, ಸಿಕ್ಕಿಬೀಳುವುದು ಹೇಗೆ ಎಂಬುದಷ್ಟೇ ಕುತೂಹಲ. ನಾಲ್ಕನೆಯದರಲ್ಲಿ ಪತ್ತೇದಾರನೇ ಇಲ್ಲ, ತಪ್ಪು ಮಾಡಿದವನ ತಲೆಯೊಳಗೇ ನಾವು ಕುಳಿತಿರುತ್ತೇವೆ.

ಒಗಟಿನ ಕಥೆಯಿಂದ ಠಾಣೆಯ ಕಥೆಗೆ, ಅಲ್ಲಿಂದ ತಪ್ಪಿತಸ್ಥನ ಕಥೆಗೆ, ಅಲ್ಲಿಂದ ಯಾವ ಕೊಲೆಯೂ ಇಲ್ಲದ, ಒಬ್ಬ ಮನುಷ್ಯನ ಪಾಪಪ್ರಜ್ಞೆಯ ಕಾದಂಬರಿಗೆ ಹೋಗುವುದು ಕಷ್ಟವಲ್ಲ. ಮೂರ್ನಾಲ್ಕು ಮೆಟ್ಟಿಲು ಏರಿದ ಮೇಲೆ ಹಿಂತಿರುಗಿ ನೋಡಿದರೆ, ಮೊದಲು ಎತ್ತಿಕೊಳ್ಳಲು ಹಿಂಜರಿದಿದ್ದ ಪುಸ್ತಕವೇ ಕೈಯಲ್ಲಿರುತ್ತದೆ.

ಗ್ರಂಥಾಲಯದಲ್ಲಿ ಇದಕ್ಕೊಂದು ಸುಲಭ ದಾರಿಯಿದೆ. ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಮಾಂಶ ವರ್ಗೀಕರಣ (ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಪದ್ಧತಿ) ಜಗತ್ತಿನ ಅನೇಕ ಗ್ರಂಥಾಲಯಗಳಲ್ಲಿ ಬಳಕೆಯಲ್ಲಿದೆ. ಪುಸ್ತಕದ ಬೆನ್ನಿನ ಮೇಲೆ 500ರ ಸಾಲಿನ ಸಂಖ್ಯೆಯಿದ್ದರೆ ವಿಜ್ಞಾನ, 700 ಕಲೆ, 800 ಸಾಹಿತ್ಯ, 900 ಇತಿಹಾಸ ಮತ್ತು ಭೂಗೋಳ. ಐತಿಹಾಸಿಕ ಕಾದಂಬರಿ ಇಷ್ಟವಾಯಿತೇ? ಅದೇ ಕಾಲ, ಅದೇ ನೆಲ ಇಟ್ಟುಕೊಂಡು 800ರಿಂದ 900ಕ್ಕೆ ದಾಟಿ, ಅದೇ ಯುದ್ಧದ ಬಗ್ಗೆ ಇತಿಹಾಸಕಾರರೊಬ್ಬರು ಬರೆದದ್ದನ್ನು ಓದಿ. ಗೊಂದಲವಾದರೆ ಗ್ರಂಥಪಾಲಕರನ್ನು ಕೇಳಲು ಸಂಕೋಚ ಬೇಡ. ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯವನ್ನು ಉಳಿಸಬೇಕೆಂಬುದೇ. ಆದರೆ ‘ಒಳ್ಳೆಯದು ಕೊಡಿ’ ಎನ್ನುವ ಬದಲು ‘ಇಂಥದ್ದು ಓದಿದೆ, ಇದರಂತೆಯೇ ಇರಬೇಕು, ಬೇರೆ ದೇಶದ್ದಾಗಿರಬೇಕು’ ಎಂದು ಕೇಳಿ.

ಹಂತ 4: ಪುಸ್ತಕವನ್ನು ಕೈಯಲ್ಲಿ ಹಿಡಿದು ಪರೀಕ್ಷಿಸಿ

ಹಿಂಬದಿಯ ರಕ್ಷಾಪುಟದ ಮಾತುಗಳನ್ನು ನಂಬಬೇಡಿ, ಅವು ಮಾರಾಟಕ್ಕಾಗಿ ಬರೆದವು. ಮೊದಲ ಪುಟವನ್ನೂ ಪೂರ್ತಿ ನಂಬಬೇಡಿ, ಪ್ರತಿಯೊಬ್ಬ ಲೇಖಕರೂ ಅದನ್ನು ತಿದ್ದಿ ತಿದ್ದಿ ಹೊಳಪು ಕೊಟ್ಟಿರುತ್ತಾರೆ. ಪುಸ್ತಕದ ಮೂರನೆಯ ಒಂದು ಭಾಗ ಕಳೆದ ಜಾಗದಲ್ಲಿ ತೆರೆದು ಎರಡು ಪುಟ ಓದಿ. ಅಲ್ಲಿ ಲೇಖಕರ ನಿತ್ಯದ ನಡಿಗೆ ಕಾಣುತ್ತದೆ. ಕೊನೆಯ ಭಾಗಕ್ಕೆ ಮಾತ್ರ ಕೈ ಹಾಕಬೇಡಿ.

ಅನುವಾದವಾದರೆ ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿರುವ ಪ್ರಕಟಣೆಯ ವಿವರಗಳನ್ನು ಓದಿ. ಅನುವಾದಕರ ಹೆಸರಿದೆಯೇ? ನೇರವಾಗಿ ಮೂಲ ಭಾಷೆಯಿಂದ ಬಂದದ್ದೇ, ನಡುವೆ ಇನ್ನೊಂದು ಭಾಷೆಯನ್ನು ದಾಟಿ ಬಂದದ್ದೇ? ಮೂಲದ ವರ್ಷ, ಅನುವಾದದ ವರ್ಷ ಎರಡೂ ಇವೆಯೇ? ‘ಸಂಕ್ಷಿಪ್ತ’ ಎಂಬ ಮಾತು ಎಲ್ಲಾದರೂ ಅಡಗಿದೆಯೇ? ಒಂದೇ ಕೃತಿಗೆ ಎರಡು ಅನುವಾದಗಳಿದ್ದರೆ ಒಂದೇ ಸಂಭಾಷಣೆಯನ್ನು ಎರಡರಲ್ಲೂ ಹುಡುಕಿ, ಗಟ್ಟಿಯಾಗಿ ಓದಿ ನೋಡಿ. ನಾಲಿಗೆ ತೊಡರದೆ ಓದಿಸಿಕೊಳ್ಳುವುದನ್ನು ಆರಿಸಿ. ಅನುವಾದಕರ ಹೆಸರು ನೆನಪಿಡುವುದು ಲೇಖಕರ ಹೆಸರು ನೆನಪಿಡುವಷ್ಟೇ ಉಪಯುಕ್ತ. ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯ ಹಣವನ್ನು ಲೇಖಕರು ಮತ್ತು ಅನುವಾದಕರ ನಡುವೆ ಸಮನಾಗಿ ಹಂಚುವುದು ಸುಮ್ಮನೆ ಅಲ್ಲ. 2025ರಲ್ಲಿ ಅದು ಬಾನು ಮುಷ್ತಾಕ್ ಮತ್ತು ಅವರ ಕಥೆಗಳನ್ನು ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ಇಬ್ಬರಿಗೂ ಸೇರಿದ್ದು ಹೀಗೆಯೇ.

ಅನುವಾದಗಳಲ್ಲಿ ಹೆಚ್ಚಿನವರು ಸೋಲುವುದು ಹೆಸರುಗಳಲ್ಲಿ. ರಷ್ಯನ್ ಕಾದಂಬರಿಯಲ್ಲಿ ಒಬ್ಬನನ್ನೇ ಹೆಸರಿನಿಂದ, ತಂದೆಯ ಹೆಸರು ಸೇರಿಸಿ, ಮನೆತನದ ಹೆಸರಿನಿಂದ, ಮುದ್ದಿನ ಹೆಸರಿನಿಂದ ಕರೆಯುತ್ತಾರೆ. ನಾಲ್ಕು ಜನ ಎಂದುಕೊಂಡದ್ದು ಒಬ್ಬನೇ ಆಗಿರುತ್ತಾನೆ. ಮೊದಲ ಐವತ್ತು ಪುಟ ಓದುವಾಗ ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಅದನ್ನೇ ಪುಟದ ಗುರುತಾಗಿಯೂ ಬಳಸಿ.

ಹಳೆಯ ಬೃಹತ್ ಕಾದಂಬರಿಗಳಿಗೆ ಇನ್ನೊಂದು ಉಪಾಯ. ಅವುಗಳಲ್ಲಿ ಎಷ್ಟೋ ಪತ್ರಿಕೆಗಳಲ್ಲಿ ಅಥವಾ ಬಿಡಿ ಭಾಗಗಳಾಗಿ ಬಂದವು. ಚಾರ್ಲ್ಸ್ ಡಿಕನ್ಸ್ 1836ರಿಂದ ತಮ್ಮ ಹಲವು ಕಾದಂಬರಿಗಳನ್ನು ತಿಂಗಳಿಗೆ 32 ಪುಟಗಳಂತೆ ಹೊರತಂದರು, ಓದುಗರು ಒಂದೂವರೆ ವರ್ಷ ಓದಿದರು. ಅಂತಹ ಪುಸ್ತಕವನ್ನು ಒಂದು ವಾರದಲ್ಲಿ ಮುಗಿಸಲು ಹೊರಟರೆ ಉಸಿರು ಕಟ್ಟುತ್ತದೆ. ವಾರಕ್ಕೆ ಮೂವತ್ತು ಪುಟದಂತೆ, ಇನ್ನೊಂದು ಚಿಕ್ಕ ಪುಸ್ತಕದ ಜೊತೆಗೆ ಓದಿ.

ಹಂತ 5: ಸರಣಿಯನ್ನು ಎರಡನೆಯ ಕಂತಿನಲ್ಲಿ ಅಳೆಯಿರಿ

ಮೊದಲ ಕಂತನ್ನು ಪೈಲಟ್ ಎನ್ನುತ್ತಾರೆ. ಎಷ್ಟೋ ಕಡೆ ಅದು ವಾಹಿನಿಯನ್ನು ಒಪ್ಪಿಸಲು ತಯಾರಿಸಿದ ಮಾದರಿ ಕಂತು. ಎಲ್ಲ ಪಾತ್ರಗಳನ್ನೂ ಪರಿಚಯಿಸಬೇಕು, ಬೆರಗನ್ನೂ ಹುಟ್ಟಿಸಬೇಕು. ಹಾಗಾಗಿ ಅದು ಸರಣಿಯ ನಿಜವಾದ ಮುಖವಲ್ಲ. ಎರಡನೆಯ ಕಂತಿನ ನಡುಭಾಗದಲ್ಲಿ ಇಬ್ಬರು ಸುಮ್ಮನೆ ಕುಳಿತು ಮಾತನಾಡುವ ದೃಶ್ಯ ಬರುತ್ತದಲ್ಲ, ಅದನ್ನು ಗಮನಿಸಿ. ಅಲ್ಲಿ ನಿಮ್ಮ ಕೈ ಮೊಬೈಲಿನತ್ತ ಹೋದರೆ ಸರಣಿ ನಿಮ್ಮದಲ್ಲ. ಗುಂಡು ಹಾರಿಸುವ ದೃಶ್ಯದಲ್ಲಿ ಎಲ್ಲರೂ ಕಣ್ಣು ಬಿಟ್ಟು ನೋಡುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ.

ಶುರು ಮಾಡುವ ಮುನ್ನ ಕಥೆಯ ರಚನೆ ಯಾವುದೆಂದು ತಿಳಿದುಕೊಳ್ಳಿ. ಮಿನಿ ಸರಣಿ ಎಂದರೆ ಕೆಲವೇ ಕಂತುಗಳಲ್ಲಿ ಪೂರ್ತಿ ಮುಗಿಯುವ ಕಥೆ. ಆಂಥಾಲಜಿ ಎಂದರೆ ಪ್ರತಿ ಕಂತಿಗೆ ಅಥವಾ ಪ್ರತಿ ಸೀಸನ್ನಿಗೆ ಹೊಸ ಕಥೆ, ಎಲ್ಲಿಂದ ಬೇಕಾದರೂ ನೋಡಬಹುದು. ಪ್ರೊಸೀಜರಲ್ ಎಂದರೆ ಪಾತ್ರಗಳು ಅವೇ, ಕಂತಿಗೊಂದು ಪ್ರಕರಣ. ಆಸ್ಪತ್ರೆ, ನ್ಯಾಯಾಲಯ, ಠಾಣೆಯ ಸರಣಿಗಳು ಬಹುಪಾಲು ಹೀಗಿರುತ್ತವೆ. ದಣಿದ ದಿನಗಳಿಗೆ ಪ್ರೊಸೀಜರಲ್‌ಗಿಂತ ಒಳ್ಳೆಯದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ, ವಿಮರ್ಶಕರು ಅದನ್ನು ಎಷ್ಟೇ ಹೀಗಳೆಯಲಿ.

ಎಚ್ಚರ: ಅನೇಕ ಸೀಸನ್‌ಗಳ ಸರಣಿಯಾದರೆ ಕಥೆ ಮುಗಿದಿದೆಯೇ, ನಡುವೆಯೇ ರದ್ದಾಗಿದೆಯೇ ಎಂದು ಮೊದಲೇ ನೋಡಿ. ಇಪ್ಪತ್ತು ಗಂಟೆ ಕೊಟ್ಟ ಮೇಲೆ ಕಥಾನಾಯಕಿ ಬಾಗಿಲಲ್ಲಿ ನಿಂತಿರುವಾಗಲೇ ಸರಣಿ ನಿಂತುಹೋದರೆ ಆಗುವ ಸಂಕಟ ಚಿಕ್ಕದಲ್ಲ.

ಬೇರೆ ಭಾಷೆಯದ್ದಾದರೆ ಮೂಲ ಧ್ವನಿಯ ಜೊತೆ ಸಬ್‌ಟೈಟಲ್ (ಪರದೆಯ ಕೆಳಗೆ ಬರುವ ಮಾತಿನ ಪಠ್ಯ) ಇಟ್ಟು ನೋಡುವುದೇ ವಾಸಿ. ನಟನೆಯ ಅರ್ಧ ಧ್ವನಿಯಲ್ಲಿರುತ್ತದೆ. ಕಣ್ಣು ದಣಿಯುವವರಿಗೆ, ಕೈಕೆಲಸ ಮಾಡುತ್ತ ನೋಡುವವರಿಗೆ ಡಬ್ಬಿಂಗ್ ತಪ್ಪೇನಲ್ಲ. ಎರಡನ್ನೂ ಒಟ್ಟಿಗೆ ಹಾಕಿಕೊಳ್ಳಬೇಡಿ: ಡಬ್ಬಿಂಗಿನ ಮಾತು ತುಟಿ ಚಲನೆಗೆ ಹೊಂದಬೇಕು, ಸಬ್‌ಟೈಟಲ್ ಓದಲು ಸಿಗುವ ಹೊತ್ತಿಗೆ ಹೊಂದಬೇಕು, ಹಾಗಾಗಿ ಎರಡರ ಮಾತುಗಳೂ ಬೇರೆ ಬೇರೆಯಾಗಿ ತಲೆ ಚಿಟ್ಟು ಹಿಡಿಯುತ್ತದೆ.

ಹಂತ 6: ಅಂಕಗಳನ್ನು ಓದುವ ರೀತಿ

ವಿಮರ್ಶೆಗಳನ್ನು ಒಟ್ಟುಗೂಡಿಸುವ ರಾಟನ್ ಟೊಮೇಟೋಸ್ ತಾಣದಲ್ಲಿ ಶೇ 90 ಎಂದಿದ್ದರೆ ಹತ್ತಕ್ಕೆ ಒಂಬತ್ತು ಅಂಕ ಎಂದಲ್ಲ. ನೂರು ವಿಮರ್ಶಕರಲ್ಲಿ ತೊಂಬತ್ತು ಮಂದಿ ‘ಪರವಾಗಿಲ್ಲ’ ಅಥವಾ ಅದಕ್ಕಿಂತ ಮೇಲು ಎಂದಿದ್ದಾರೆ ಎಂದಷ್ಟೇ. ಎಲ್ಲರೂ ಹತ್ತಕ್ಕೆ ಆರೂವರೆ ಕೊಟ್ಟ, ಯಾರನ್ನೂ ನೋಯಿಸದ ಸಪ್ಪೆ ಸರಣಿಗೂ ಶೇ 95 ಬಂದೀತು. ಕೆಲವರು ತಲೆಯ ಮೇಲೆ ಹೊತ್ತು ಕೆಲವರು ಎಸೆದ ಸರಣಿಗೆ ಶೇ 60 ಬಂದೀತು. ನಿಮಗೆ ಎರಡನೆಯದೇ ಹೆಚ್ಚು ದಕ್ಕಬಹುದು.

ಪುಸ್ತಕ ಸರಣಿಯ ಮೂರನೆಯ, ನಾಲ್ಕನೆಯ ಭಾಗಗಳಿಗೆ ಮೊದಲನೆಯದಕ್ಕಿಂತ ಹೆಚ್ಚು ನಕ್ಷತ್ರಗಳಿದ್ದರೆ ಲೇಖಕರು ಬೆಳೆದಿದ್ದಾರೆ ಎಂದು ತಿಳಿಯಬೇಡಿ. ಇಷ್ಟವಾಗದವರು ಮೊದಲ ಭಾಗಕ್ಕೇ ಇಳಿದುಹೋಗಿರುತ್ತಾರೆ, ಉಳಿದವರು ಅಭಿಮಾನಿಗಳು. ಐದು ಮತ್ತು ಒಂದು ನಕ್ಷತ್ರದ ಬರಹಗಳನ್ನು ಬಿಟ್ಟು ಮೂರು ನಕ್ಷತ್ರದವನ್ನು ಓದಿ. ಯಾವುದು ಹಿಡಿಸಿತು, ಯಾವುದು ಹಿಡಿಸಲಿಲ್ಲ ಎಂಬುದನ್ನು ಬಿಡಿಸಿ ಹೇಳುವವರು ಅವರೇ. ಸ್ಪಾಯ್ಲರ್, ಅಂದರೆ ಕಥೆಯ ತಿರುವನ್ನು ಮೊದಲೇ ಬಯಲು ಮಾಡುವ ಮಾತು, ಕಣ್ಣಿಗೆ ಬಿದ್ದೀತೆಂಬ ಭಯವಿದ್ದರೆ ಎರಡು ಸಾಲಿಗೇ ನಿಲ್ಲಿಸಿ.

ಹಂತ 7: ಯಂತ್ರದ ಸಲಹೆಗೆ ಮಿತಿ ಹಾಕಿ

ಸ್ಟ್ರೀಮಿಂಗ್ ಸೇವೆಯ ಮುಖಪುಟದಲ್ಲಿ ಕಾಣುವ ಸಾಲುಗಳನ್ನು ಜೋಡಿಸುವುದು ಆಲ್ಗಾರಿದಮ್, ನಿಮ್ಮ ನೋಟದ ಇತಿಹಾಸವನ್ನು ಲೆಕ್ಕ ಹಾಕುವ ಗಣಕಸೂತ್ರ. ನೀವು ನೋಡಿದ್ದನ್ನು ನೋಡಿದ ಇತರರು ಇನ್ನೇನು ನೋಡಿದರು ಎಂಬುದು ಅದರ ಮುಖ್ಯ ಆಧಾರಗಳಲ್ಲೊಂದು. ಸಹಜವಾಗಿಯೇ ಅದು ಹಳೆಯದರಂಥದ್ದನ್ನೇ ಮತ್ತೆ ಮುಂದಿಡುತ್ತದೆ. ಮನೆಯವರೆಲ್ಲ ಒಂದೇ ಪ್ರೊಫೈಲ್ ಬಳಸಿದರೆ ಇನ್ನೂ ಕಲಸುಮೇಲೋಗರ. ಪ್ರತಿಯೊಬ್ಬರಿಗೂ ಬೇರೆ ಪ್ರೊಫೈಲ್ ಮಾಡಿ, ಜೊತೆಗೆ ‘ಪ್ರಯೋಗ’ ಎಂದು ಇನ್ನೊಂದು ಖಾಲಿ ಪ್ರೊಫೈಲ್ ಇರಲಿ. ಹೊಸ ದೇಶದ, ಹೊಸ ಬಗೆಯ ಸರಣಿಗಳನ್ನು ಅದರಲ್ಲೇ ಹುಡುಕಿ, ಹುಡುಕುವಾಗ ಹೆಸರಿನ ಬದಲು ಭಾಷೆಯಿಂದ ಹುಡುಕಿ.

ಸೆಟ್ಟಿಂಗ್ಸ್‌ಗೆ ಹೋಗಿ ಮುಂದಿನ ಕಂತು ತಾನಾಗಿ ಶುರುವಾಗುವ ಆಟೋಪ್ಲೇ ಸೌಲಭ್ಯವನ್ನು ನಿಲ್ಲಿಸಿ. ಆಮೇಲೂ ‘ಇನ್ನೊಂದೇ ಒಂದು’ ಎನಿಸಿದರೆ ಅದು ಕ್ಲಿಫ್‌ಹ್ಯಾಂಗರ್‌ನ ಕೆಲಸ, ಅಂದರೆ ಕಂತನ್ನು ಉಸಿರು ಬಿಗಿಹಿಡಿಸುವ ಘಟ್ಟದಲ್ಲಿ ತುಂಡರಿಸುವ ತಂತ್ರ. ಇದಕ್ಕೆ ಮದ್ದು ಸರಳ: ಕಂತಿನ ಕೊನೆಯಲ್ಲಿ ನಿಲ್ಲಿಸಬೇಡಿ. ಮುಂದಿನದರ ಹತ್ತು ನಿಮಿಷ ನೋಡಿ, ಆ ಬಿಗಿ ಸಡಿಲವಾದ ಮೇಲೆ ನಿಲ್ಲಿಸಿ. ಪುಸ್ತಕದಲ್ಲಿಯೂ ಅಧ್ಯಾಯದ ತುದಿಗಿಂತ ನಡುವೆ ಮಡಚಿಡುವುದು ನಿದ್ದೆಗೆ ಹಿತ.

ಹಂತ 8: ಬಿಡುವ ನಿಯಮವನ್ನು ಮೊದಲೇ ಮಾಡಿಕೊಳ್ಳಿ

ಅಮೆರಿಕದ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ ಅವರ ಲೆಕ್ಕ ಪ್ರಸಿದ್ಧ: ಪುಸ್ತಕಕ್ಕೆ ಐವತ್ತು ಪುಟ ಕೊಡಿ, ಹಿಡಿಸದಿದ್ದರೆ ಬಿಡಿ. ವಯಸ್ಸು ಐವತ್ತು ದಾಟಿದ್ದರೆ ನೂರರಿಂದ ವಯಸ್ಸನ್ನು ಕಳೆದು ಉಳಿದಷ್ಟು ಪುಟ ಸಾಕು. ಎಪ್ಪತ್ತರ ಓದುಗರು ಮೂವತ್ತು ಪುಟಕ್ಕೇ ಮುಚ್ಚಬಹುದು. ಸರಣಿಗೆ ನಾನು ಎರಡು ಕಂತು ಎನ್ನುತ್ತೇನೆ. ‘ಐದನೆಯ ಕಂತಿನಿಂದ ಚೆನ್ನಾಗಿದೆ’ ಎನ್ನುವವರ ಮಾತಿಗೆ ಕಿವಿಗೊಡಬೇಡಿ, ನಾಲ್ಕು ಗಂಟೆ ಬೇಸರಪಟ್ಟವರಿಗೆ ಐದನೆಯದು ಚೆನ್ನಾಗಿಯೇ ಕಾಣುತ್ತದೆ. ಬಿಟ್ಟದ್ದನ್ನು ನೋಟ್‌ಬುಕ್ಕಿನಲ್ಲಿ ಕಾರಣದೊಂದಿಗೆ ದಾಖಲಿಸಿ.

ಹಂತ 9: ಒಂದೇ ಕಥೆ ಪುಸ್ತಕವಾಗಿಯೂ ಸರಣಿಯಾಗಿಯೂ ಇದ್ದರೆ

ಯಾವುದು ಮೊದಲು ಎಂದು ಬಹಳ ಮಂದಿ ಕೇಳುತ್ತಾರೆ. ಪುಸ್ತಕವೇ ಮೊದಲು ಎಂಬುದು ರೂಢಿಯ ಉತ್ತರ, ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಕಥೆ ಒಗಟಿನ ಮೇಲೆ ನಿಂತಿದ್ದರೆ ಪುಸ್ತಕವೇ ಮೊದಲು, ಏಕೆಂದರೆ ಸುಳಿವುಗಳನ್ನು ಹಿಂದಕ್ಕೆ ತಿರುವಿ ನೋಡುವ ಸುಖ ಪರದೆಯಲ್ಲಿಲ್ಲ. ನಿರೂಪಕರ ಧ್ವನಿಯೇ ಪ್ರಾಣವಾಗಿರುವ ಕಾದಂಬರಿಗೂ ಇದೇ ಮಾತು. ಆದರೆ ಮೂರು ತಲೆಮಾರು, ಐವತ್ತು ಪಾತ್ರಗಳ ಕುಟುಂಬ ಕಥೆಯಾದರೆ ಸರಣಿಯನ್ನು ಮೊದಲು ನೋಡಿ. ಪ್ರತಿ ಹೆಸರಿಗೂ ಒಂದು ಮುಖ ಸಿಕ್ಕ ಮೇಲೆ ಪುಸ್ತಕ ಸಲೀಸಾಗಿ ಓದಿಸಿಕೊಳ್ಳುತ್ತದೆ. ಆರು ಗಂಟೆಯ ಸರಣಿಯಲ್ಲಿ ಎಂಟುನೂರು ಪುಟ ಹಿಡಿಯುವುದಿಲ್ಲವಾದ್ದರಿಂದ ಕತ್ತರಿಸಿದ ಉಪಕಥೆಗಳೆಲ್ಲ ನಿಮಗಾಗಿ ಹೊಸದಾಗಿಯೇ ಉಳಿದಿರುತ್ತವೆ. ಎರಡರ ನಡುವೆ ಒಂದೆರಡು ತಿಂಗಳ ಬಿಡುವು ಕೊಡಿ. ಮುಗಿಸಿದ ಮರುದಿನವೇ ಇನ್ನೊಂದನ್ನು ಹಿಡಿದರೆ ಏನು ಬದಲಾಯಿತು ಎಂದು ಹುಡುಕುವುದೇ ಕೆಲಸವಾಗಿ ಕಥೆ ಹಿಂದೆ ಸರಿಯುತ್ತದೆ.

ಇಷ್ಟೆಲ್ಲ ಮಾಡಿಯೂ ಯಾವುದೂ ರುಚಿಸದ ವಾರಗಳು ಬರುತ್ತವೆ. ಆಗ ಹೊಸದನ್ನು ಹುಡುಕಬೇಡಿ. ಹಿಂದೆ ಇಷ್ಟಪಟ್ಟ ಲೇಖಕರ ಒಂದು ಸಣ್ಣಕಥೆಯನ್ನೋ, ಇಪ್ಪತ್ತು ನಿಮಿಷದ ಹಾಸ್ಯ ಸರಣಿಯ ಹಳೆಯ ಕಂತನ್ನೋ ತೆಗೆದುಕೊಳ್ಳಿ. ನೋಟ್‌ಬುಕ್ಕಿನಲ್ಲಿ ಆ ವಾರದ ಸಾಲು ಖಾಲಿ ಉಳಿದರೂ ತೊಂದರೆಯಿಲ್ಲ.